ಆಲ್ಟೊ ವಾಟರ್ ಪಂಪ್: ಎಂ-ಸೀಲ್ ಬೇಡ ಭಾವ, ಕವರ್ ಬಿಚ್ಚಿದಾಗ ಎಲ್ಲಾ ಮುಗಿಸಿಬಿಡಿ

ಭಾವ, ನಿಮ್ಮ ಆಲ್ಟೊದ ವಾಟರ್ ಪಂಪ್ (ಎಂಜಿನ್ ತಣ್ಣಗಿಡೋ ನೀರನ್ನ ಸುತ್ತಿಸೋದು) ಸೋರ್ತಿದೆ ಅಂತ ಗ್ರೂಪಲ್ಲಿ ಹಾಕಿದ ಫೋಟೋ ದೊಡ್ಡದು ಮಾಡಿ ನೋಡ್ದೆ. ಎರಡು ಪ್ರಶ್ನೆ ಕೇಳಿದೀರಿ. ಸದ್ಯಕ್ಕೆ ಸೋರೋ ಜಾಗಕ್ಕೆ ಎಂ-ಸೀಲ್ ಅಂಟು ಹಚ್ಚಿಕೊಂಡು ಊರಿಗೆ ಹೋಗಿಬರಬಹುದಾ? ಮೆಕ್ಯಾನಿಕ್ ಪಂಪ್ ಒಂದೇ ಬದಲಾಯಿಸಿದ್ರೆ ಸಾಕು ಅಂತಾನೆ, ಸರಿನಾ? ಎರಡಕ್ಕೂ ನನ್ನ ಉತ್ತರ ಬೇಡ ಅಂತಾನೇ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ.

ಪಂಪಿನ ಪುಲ್ಲಿ (ಬೆಲ್ಟ್ ಸುತ್ತೋ ಚಕ್ರ) ಹಿಂದೆ ಹಸಿರು ಕಲೆ ಇಳಿದಿದೆಯಲ್ಲ, ಅಲ್ಲೊಂದು ಸಣ್ಣ ತೂತು ಇರತ್ತೆ. ಕಂಪನಿಯವರೇ ಬಿಟ್ಟಿರೋದು. ಒಳಗೆ ನೀರಿನ ಕಡೆ ಒಂದು ಸೀಲ್, ಅದರ ಮುಂದೆ ಬೇರಿಂಗ್. ಸೀಲ್ ಸವೆದು ಜಿನುಗಿದ ನೀರು ಬೇರಿಂಗಿಗೆ ಹೋಗದೆ ಆಚೆ ಬರಲಿ ಅಂತ ಆ ದಾರಿ. ಅದನ್ನ ಎಂ-ಸೀಲ್ ಹಾಕಿ ಮುಚ್ಚಿದ್ರೆ ನೀರು ಬೇರಿಂಗಿಗೇ ನುಗ್ಗತ್ತೆ, ಗ್ರೀಸ್ ತೊಳೆದು ಹೋಗತ್ತೆ, ಆಮೇಲೆ ಗರಗರ ಶಬ್ದ, ಪುಲ್ಲಿ ಅಲುಗಾಟ, ಕೊನೆಗೆ ಬೆಲ್ಟೇ ಕಿತ್ತು ಬರತ್ತೆ. ಎಂಜಿನ್ ಆಫ್ ಇದ್ದಾಗ ಪುಲ್ಲಿ ಹಿಡಿದು ಹಿಂದೆ ಮುಂದೆ ಅಲುಗಾಡಿಸಿ ನೋಡಿ. ಒಂಚೂರು ಆಡಿದ್ರೂ ಬೇರಿಂಗ್ ಹೋಗಿದೆ ಅಂತ ಲೆಕ್ಕ, ಗಾಡಿ ತೆಗೀಲೇಬೇಡಿ. ನೀರು ಖಾಲಿಯಾಗಿ ಬಿಸಿಯಾದ್ರೆ ಎಂಜಿನ್ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಬೆಂಡ್ ಆಗತ್ತೆ. ಆ ಖರ್ಚಿನ ಮುಂದೆ ಪಂಪಿನ ಖರ್ಚು ಏನೂ ಅಲ್ಲ.

ಇನ್ನು ಪಂಪ್ ಒಂದೇ ಸಾಕು ಅನ್ನೋ ಮಾತು. ನಿಮ್ಮದು ಮೂರು ಸಿಲಿಂಡರಿನ 796 ಸಿಸಿ, ಟೈಮಿಂಗ್ ಬೆಲ್ಟ್ ಇರೋ ಎಂಜಿನ್. ಕ್ರ್ಯಾಂಕ್ (ಪಿಸ್ಟನ್ ತಿರುಗಿಸೋ ದಂಡ), ಕ್ಯಾಮ್ (ವಾಲ್ವ್ ತೆರೆಯೋ ದಂಡ) ಎರಡನ್ನೂ ತಾಳ ತಪ್ಪದ ಹಾಗೆ ತಿರುಗಿಸೋದು ಆ ಬೆಲ್ಟು. ಪಂಪ್ ತಿರುಗೋದು ಹೊರಗಿನ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡೋದು) ಬೆಲ್ಟಲ್ಲೇ, ನಿಜ. ಆದ್ರೆ ಪಂಪ್ ಆಚೆ ಬರಬೇಕು ಅಂದ್ರೆ ಟೈಮಿಂಗ್ ಕವರ್, ಬೆಲ್ಟ್, ಬೆಲ್ಟನ್ನ ಬಿಗಿಯಾಗಿ ಹಿಡಿಯೋ ಟೆನ್ಷನರ್ ಎಲ್ಲಾ ಬಿಚ್ಚಬೇಕು. ಅಷ್ಟು ಬಿಚ್ಚಿದ ಮೇಲೆ ಹಳೇ ಬೆಲ್ಟೇ ವಾಪಸ್ ಹಾಕೋದು ದಡ್ಡತನ. ಟೈಮಿಂಗ್ ಬೆಲ್ಟ್, ಟೆನ್ಷನರ್ ಬೇರಿಂಗ್, ಪಂಪ್, ಗ್ಯಾಸ್ಕೆಟ್ (ಜೋಡಣೆ ಸೋರದ ಹಾಗೆ ನಡುವೆ ಕೂರೋ ಪದರ), ಆಲ್ಟರ್ನೇಟರ್ ಬೆಲ್ಟ್ ಒಟ್ಟಿಗೆ ತರಿಸಿ. ಕ್ಯಾಮ್, ಕ್ರ್ಯಾಂಕ್ ಆಯಿಲ್ ಸೀಲ್ ಹತ್ರ ಎಣ್ಣೆ ಜಿಡ್ಡು ಕಂಡ್ರೆ ಅವನ್ನೂ ಹಾಕಿಸಿ. ಲೇಬರ್ ಒಂದೇ ಸಲ ಬೀಳತ್ತೆ. (ಆಲ್ಟೊ ಕೆ10 ಮಾಡೆಲ್ ಆಗಿದ್ರೆ ಟೈಮಿಂಗ್ ಚೈನು, ಈ ರಗಳೆ ಇರ್ತಿರಲಿಲ್ಲ.)

ಕೆಲಸ ನಡೆಯೋವಾಗ ಪಕ್ಕದಲ್ಲೇ ನಿಂತ್ಕೊಳ್ಳಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ರೇಡಿಯೇಟರ್ ಕ್ಯಾಪ್ ತೆಗೆಸಿ ನೀರು ಇಳಿಸಬೇಕು. ಇಳಿಸಿದ ಕೂಲೆಂಟನ್ನ (ಎಂಜಿನ್ ತಣ್ಣಗಿಡೋ ಹಸಿರು ದ್ರವ) ಮೋರಿಗೆ ಬಿಡಬೇಡಿ, ಬಕೆಟಲ್ಲಿ ಹಿಡಿದು ಮುಚ್ಚಿಡಿ. ಸಿಹಿಯಾಗಿರತ್ತೆ, ನಾಯಿ ಹಸು ನೆಕ್ಕಿದ್ರೆ ವಿಷ. ಟೈಮಿಂಗ್ ಬೆಲ್ಟ್ ಬಿಚ್ಚೋ ಮುಂಚೆ ಕ್ಯಾಮ್ ಪುಲ್ಲಿ ಗುರುತು, ಕ್ರ್ಯಾಂಕ್ ಪುಲ್ಲಿ ಗುರುತು ಎರಡೂ ಅದರದರ ಜಾಗಕ್ಕೆ ಕೂತಿರಬೇಕು. ಬಿಳಿ ಪೇಂಟಲ್ಲಿ ಒಂದು ಗೆರೆ ಎಳೆದು ಮೊಬೈಲಲ್ಲಿ ಫೋಟೋ ತೆಗೀರಿ. ಬೆಲ್ಟ್ ಬಿಚ್ಚಿದ ಮೇಲೆ ಕ್ಯಾಮ್, ಕ್ರ್ಯಾಂಕ್ ಯಾವುದನ್ನೂ ತಿರುಗಿಸೋ ಹಾಗಿಲ್ಲ.

ಪಂಪ್ ಕೂರೋ ಮುಖ ಕೆರೆಯೋವಾಗ ಉಳಿ ಹಾಕೋಕೆ ಬಿಡಬೇಡಿ, ಅಲ್ಲಿ ಗೀರು ಬಿದ್ರೆ ಹೊಸ ಗ್ಯಾಸ್ಕೆಟ್ ಹಾಕಿದ್ರೂ ಸೋರತ್ತೆ. ಗ್ಯಾಸ್ಕೆಟ್ ಇದ್ಮೇಲೆ ಸಿಲಿಕಾನ್ ಪೇಸ್ಟ್ ಸುರಿಯೋದೂ ಬೇಡ. ಒಳಗೆ ಉಬ್ಬಿದ ಪೇಸ್ಟ್ ಕಿತ್ತು ಹೋಗಿ ರೇಡಿಯೇಟರ್ ಟ್ಯೂಬಲ್ಲಿ ಸಿಕ್ಕಿಕೊಳ್ಳತ್ತೆ. ಪಂಪ್ ಬೋಲ್ಟು ಹತ್ತು ನಂಬರ್ ಸ್ಪ್ಯಾನರಿನ ಸಣ್ಣವು, ಸುಮಾರು 10ರಿಂದ 12 ನ್ಯೂಟನ್ ಮೀಟರ್ ಟೈಟ್ ಸಾಕು. ಜೋರು ತೋರಿಸಿದ್ರೆ ಬ್ಲಾಕಿನ ಥ್ರೆಡ್ ಹೋಗತ್ತೆ. ಪಂಪಿಗೂ ಆಯಿಲ್ ಪಂಪಿಗೂ ನಡುವೆ ಒಂದು, ಪಂಪಿಗೂ ಹೆಡ್ಡಿಗೂ ನಡುವೆ ಒಂದು ರಬ್ಬರ್ ಪಟ್ಟಿ ಬರತ್ತೆ. ಅವು ಬಿಚ್ಚುವಾಗ ಬಿದ್ದು ಹೋಗಿ, ಜೋಡಿಸುವಾಗ ಮರೆತೇ ಹೋಗೋದು ಮಾಮೂಲಿ. ಇಲ್ಲದಿದ್ರೆ ಧೂಳು, ಮಳೆನೀರು ಟೈಮಿಂಗ್ ಬೆಲ್ಟ್ ಮೇಲೆ ಬೀಳತ್ತೆ. ಹೊಸ ಬೆಲ್ಟ್ ಹಾಕಿದ ಮೇಲೆ ಟೆನ್ಷನರ್ ಬೋಲ್ಟ್ ಸಡಿಲ ಇಟ್ಟು, ಕ್ರ್ಯಾಂಕನ್ನ ಕೈಯಲ್ಲಿ ಗಡಿಯಾರದ ದಿಕ್ಕಿಗೆ ಎರಡು ಪೂರ್ತಿ ಸುತ್ತು ತಿರುಗಿಸಿ, ಸ್ಪ್ರಿಂಗ್ ತಾನೇ ಎಳೆದುಕೊಂಡ ಮೇಲೆ ಟೈಟ್ ಮಾಡಿ, ಗುರುತು ಮತ್ತೆ ನೋಡಬೇಕು. ಒಂದು ಹಲ್ಲು ತಪ್ಪಿದ್ರೂ ಪಿಕಪ್ ಇರಲ್ಲ.

ಆಲ್ಟರ್ನೇಟರ್ ಬೆಲ್ಟ್ ವಿಷಯ ಸಣ್ಣದು ಅನ್ನಿಸತ್ತೆ, ಆದ್ರೆ ಪಂಪ್ ಬೇರಿಂಗ್ ಬೇಗ ಸಾಯೋದೇ ಅದರಿಂದ. ಕಿರುಗುಟ್ಟತ್ತೆ ಅಂತ ತಂತಿ ಥರ ಎಳೆದು ಕಟ್ಟಿಬಿಡ್ತಾರೆ. ನಡುವೆ ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿದ್ರೆ 6ರಿಂದ 9 ಮಿಲಿಮೀಟರ್ ಬಗ್ಗಬೇಕು.

ಹಳೇ ಪಂಪನ್ನ ಕೇಳಿ ಇಸ್ಕೊಳ್ಳಿ, ಅದರ ರೆಕ್ಕೆ ನೋಡಿ. ತುಕ್ಕು ತಿಂದಿದ್ರೆ, ಬಿಳಿ ಉಪ್ಪು ಕಟ್ಟಿದ್ರೆ ಬೋರ್ ನೀರು ಹಾಕ್ತಾ ಬಂದಿದೀರಿ ಅಂತ ಅರ್ಥ. ಕೋಲಾರ, ತುಮಕೂರು ಕಡೆ ಗಡಸು ನೀರಿಗೆ ಇದು ಸಾಮಾನ್ಯ. ಆಗ ರೇಡಿಯೇಟರನ್ನೂ ಫ್ಲಶ್ ಮಾಡಿಸಿ, ಇಲ್ಲಾಂದ್ರೆ ಆ ಪುಡಿಯೇ ಹೊಸ ಸೀಲನ್ನೂ ಉಜ್ಜಿ ತಿನ್ನತ್ತೆ. ಕೂಲೆಂಟ್ ಕಾನ್ಸನ್ಟ್ರೇಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಎರಡೆರಡು ಲೀಟರ್ ತಂದಿಡಿ. ನಮ್ಮ ಕಡೆ ಹಿಮ ಬೀಳಲ್ಲ ಸರಿ, ಆದ್ರೆ ತುಕ್ಕು ತಡೆಯೋದು, ಬೇಗ ಕುದಿಯದ ಹಾಗೆ ನೋಡ್ಕೊಳ್ಳೋದು ಅದೇ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡೋ ವಾಲ್ವು) ಬಿಸಾಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಹಾಳಾಗಿದ್ರೆ ಅದೇ ಡಿಗ್ರಿಯ ಹೊಸದು ಹಾಕಿಸಿ. ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿದ್ರೆ ಕ್ಯಾಪೂ ಹೊಸದು.

ತುಂಬಿಸುವಾಗ ಹೀಟರ್ ಫುಲ್ ಬಿಸಿಗೆ ಇಟ್ಟು, ಕ್ಯಾಪ್ ತೆಗೆದೇ ಎಂಜಿನ್ ಓಡಿಸಿ, ಮೇಲಿನ ಹೋಸ್ ಆಗಾಗ ಹಿಸುಕ್ತಾ ಇರಿ. ಗುಳ್ಳೆ ಬರೋದು ನಿಲ್ಲಬೇಕು, ಕ್ಯಾಪ್ ಹಾಕಿದ ಮೇಲೆ ಫ್ಯಾನ್ ಒಂದು ಸಲ ಆನ್ ಆಗಿ ಆಫ್ ಆಗಬೇಕು. ಮಾರನೇ ದಿನ ಬೆಳಿಗ್ಗೆ ತಣ್ಣಗಿದ್ದಾಗ ರೇಡಿಯೇಟರಲ್ಲೇ ಮಟ್ಟ ನೋಡಿ, ಒಂದಿಷ್ಟು ಇಳಿದಿರತ್ತೆ, ಅದೇ ಮಿಶ್ರಣ ಹಾಕಿ. ಹಾಗಾಗಿ ಶುಕ್ರವಾರ ಊರಿಗೆ ಹೊರಡೋದಾದ್ರೆ ಬುಧವಾರವೇ ಗ್ಯಾರೇಜಿಗೆ ಬಿಡಿ.