ಮೆಕ್ಸಿಕೋದ ಹಳೆಯ ಭಕ್ತಿಚಿತ್ರಗಳು: ಮೂರು ದಿನದಲ್ಲಿ ಏನೇನು ನೋಡಲಿ?

ಡಿಸೆಂಬರ್ ಎರಡನೇ ವಾರ ಆಫೀಸ್ ಕೆಲಸಕ್ಕೆ ಮೆಕ್ಸಿಕೋ ಸಿಟಿಗೆ ಹೋಗ್ತಿದ್ದೇನೆ, ಆಮೇಲೆ ಮೂರು ದಿನ ಬಿಡುವು. ಸ್ಪೇನ್ ಆಳ್ವಿಕೆ ಕಾಲದ ಚರ್ಚ್ ಚಿತ್ರಗಳನ್ನು ನೋಡುವಾಸೆ. ಬೈಬಲ್ ಕಥೆ ಅಷ್ಟಾಗಿ ಗೊತ್ತಿಲ್ಲ. ನೋಡಿಬಂದವರು ಹೇಳಿ.

— ಮೊದಲು ಕ್ಯಾಲೆಂಡರ್ ನೋಡಿ ಸರ್. 12ನೇ ತಾರೀಕು ಗ್ವಾದಲೂಪೆ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಳ ಹಬ್ಬ. ನಾನು ಹಿಂದಿನ ಸಂಜೆ ಆ ಮಾತೆಯ ಚಿತ್ರ ಇರುವ ದೊಡ್ಡ ಚರ್ಚ್ ಬಸಿಲಿಕಾಗೆ ಹೋಗಿ, ಜನರ ನಡುವೆ ಎರಡು ಗಂಟೆ ನಿಂತು, ಚಿತ್ರ ಕಾಣದೆ ವಾಪಸ್ ಬಂದೆ. ವಾರ ಬಿಟ್ಟು ಬೆಳಿಗ್ಗೆ ಹೋದಾಗ ಆರಾಮ. ಚಿತ್ರದ ಕೆಳಗೆ ಏರ್‌ಪೋರ್ಟಿನಂಥ ಚಲಿಸುವ ಪಟ್ಟಿ ಇದೆ, ನಿಂತರೆ ಅದೇ ದಾಟಿಸುತ್ತೆ. ಐದು ಸಲ ಸುತ್ತಿದೆ, ಯಾರೂ ಏನೂ ಅನ್ನಲಿಲ್ಲ. 1751ರಲ್ಲಿ ಮಿಗೆಲ್ ಕಬ್ರೇರಾ ಮತ್ತಿತರ ಚಿತ್ರಕಾರರು ಇದನ್ನು ಹತ್ತಿರದಿಂದ ಪರೀಕ್ಷಿಸಿದ್ದರು. ಒರಟು ಬಟ್ಟೆ, ಅಡಿಲೇಪನ ಇಲ್ಲ, ಒಂದೇ ಚಿತ್ರದಲ್ಲಿ ನಾಲ್ಕು ಬಗೆಯ ಬಣ್ಣಗಾರಿಕೆ ಅಂತ ಕಬ್ರೇರಾ 1756ರಲ್ಲಿ ಅಚ್ಚು ಹಾಕಿಸಿದ. ಇದು ಪವಾಡವೇ ಅಂತ ಅವನ ವಾದ. ನಂಬೋದು ಬಿಡೋದು ನಿಮಗೆ ಬಿಟ್ಟದ್ದು.

— ಒಂದು ದಿನ ತೆಪೊತ್ಸೊತ್ಲಾನ್‌ಗೆ ಇಟ್ಟುಬಿಡಿ. ನಗರದಿಂದ ಉತ್ತರಕ್ಕೆ, ಜೆಸ್ವಿಟ್ ಪಾದ್ರಿಗಳ ಹಳೆಯ ಕಾಲೇಜು ಈಗ ಮ್ಯೂಸಿಯಂ, ಸೋಮವಾರ ರಜೆ. ಚಿನ್ನದ ಬಲಿಪೀಠಗಳ ಮುಂದೆ ಎಲ್ಲರೂ ಬಾಯಿ ಬಿಟ್ಟು ನಿಲ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸನ್ಯಾಸಿನಿಯರ ಭಾವಚಿತ್ರಗಳು. ತಲೆ ಮೇಲೆ ಮದುಮಗಳ ದಂಡೆಗಿಂತ ಎತ್ತರದ ಹೂವಿನ ಕಿರೀಟ, ಗಲ್ಲದ ಕೆಳಗೆ ತಟ್ಟೆಯಷ್ಟಗಲದ ಗುಂಡು ಪದಕ. ಆ ಪದಕದೊಳಗೆ ಇನ್ನೊಂದು ಪೂರ್ತಿ ಚಿತ್ರ: ಮಾತೆ ಮರಿಯ, ಸುತ್ತ ಸಂತರು, ಮುಖ ಕಡಲೆಕಾಳಿನಷ್ಟೇ! ಅಂಥ ನಿಜವಾದ ಪದಕಗಳೂ ಅಲ್ಲೇ ಇವೆ, ತಾಮ್ರದ ತಗಡಿನ ಮೇಲೆ ಬರೆದದ್ದು.

— ನಾನಿರೋದು ಲಾಸ್ ಏಂಜಲಿಸ್. ಇಲ್ಲಿನ ಕೌಂಟಿ ಮ್ಯೂಸಿಯಂನಲ್ಲಿ ಮಿಗೆಲ್ ಗೊನ್ಸಾಲೆಸ್ 1698ರ ಸುಮಾರಿಗೆ ಮಾಡಿದ ಗ್ವಾದಲೂಪೆ ಇದೆ. ಮುತ್ತಿನ ಚಿಪ್ಪಿನ ಚೂರು ಕೂರಿಸಿ ಮೇಲೆ ತೆಳುವಾಗಿ ಬಣ್ಣ, 'ಎಂಕೊಂಚಾದೊ' ಅಂತಾರೆ. ಮನಿಲಾದಿಂದ ಅಕಾಪುಲ್ಕೊಗೆ ಹಡಗಲ್ಲಿ ಬಂದ ಜಪಾನಿ ಅರಗಿನ ಸಾಮಾನು ನೋಡಿ ಕಲಿತ ಚಳಕ. ಎದುರಿಗೆ ನಿಂತರೆ ಮಂಕು, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಝಗ್ ಅನ್ನುತ್ತೆ. ಈ ಬಗೆಯದು ಎಲ್ಲೇ ಕಂಡರೂ ಓಡಾಡಿಕೊಂಡೇ ನೋಡಿ, ಫೋಟೋದಲ್ಲಿ ಬರಲ್ಲ.

— ಕಥೆ ಗೊತ್ತಿಲ್ಲ ಅಂತ ಹೆದರಬೇಡಿ ಮಾರಾಯ್ರೆ, ಮಂಗಳೂರಲ್ಲಿ ನಾವು ಚಿಕ್ಕಂದಿನಲ್ಲಿ ಕಲಿತದ್ದು ಅಲ್ಲೂ ನಡೀತದೆ. ಎದೆಗೆ ಕತ್ತಿ ನಾಟಿದ್ದರೆ ವ್ಯಾಕುಲ ಮಾತೆ, ಅಂದರೆ ದುಃಖದಲ್ಲಿರುವ ಮರಿಯ. ಕಾಲಡಿ ಚಂದ್ರ ಇದ್ದರೆ ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನಾ ಗ್ರಂಥದ ಸ್ತ್ರೀ. ಹೂಬಿಟ್ಟ ಕೋಲು ಮರಿಯಳ ಗಂಡ ಜೋಸೆಫರದ್ದು. ಮೆಕ್ಸಿಕೋ ಸಿಟಿಯ ಕೆಥೆಡ್ರಲ್‌ನಲ್ಲಿ ಪಾದ್ರಿಗಳು ಪೂಜೆವಸ್ತ್ರ ತೊಡುವ ಕೋಣೆ ತೆರೆದಿದ್ದರೆ ಬಿಡಬೇಡಿ. ಗೋಡೆ ತುಂಬಾ ವಿಯಾಲ್ಪಾಂದೊ ಮತ್ತು ಹ್ವಾನ್ ಕೊರ್ರೆಯಾ ಬರೆದ ಚಿತ್ರಗಳು. ಕೊರ್ರೆಯಾನ ತಾಯಿ ಆಫ್ರಿಕಾ ಮೂಲದವರು.

— ಎಲ್ಲರಿಗೂ ಥ್ಯಾಂಕ್ಸ್. ಟಿಕೆಟ್ ಮುಂದಕ್ಕೆ ಹಾಕಿಸಿದೆ, ಬಸಿಲಿಕಾ 15ಕ್ಕೆ.