ಕೋಳಿ ಮರಿ ಹೊತ್ತೊಯ್ಯುತ್ತಿರುವುದು ಯಾವ ಹಕ್ಕಿ? ಗೊತ್ತಿದ್ದವರು ಹೇಳಿ

ತೋಟದಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಕಡೆ, ತೆಂಗಿನ ತೋಟದೊಳಗೇ ಮನೆ. ಅಮ್ಮ ನಾಲ್ಕೈದು ನಾಟಿ ಕೋಳಿ ಸಾಕಿದ್ದಾರೆ. ಹೋದ ತಿಂಗಳು ಒಂದು ಹೇಂಟೆಯನ್ನು ಕಾವಿಗೆ ಕೂರಿಸಿದ್ದೆವು, 13 ಮೊಟ್ಟೆಯಲ್ಲಿ 11 ಮರಿ ಆದವು. ಈಗ ಎಣಿಸಿದರೆ 6. ಬೆಕ್ಕು ಅಲ್ಲ, ನಮ್ಮ ಬೆಕ್ಕಿಗೆ ಆ ಹೇಂಟೆ ಕಂಡರೇ ಭಯ.

ಮೊನ್ನೆ ಒಂದು ಸಲ ಕಣ್ಣಾರೆ ಕಂಡೆ. ತೊಟ್ಟಿ ಹತ್ತಿರ ಪಾತ್ರೆ ತೊಳೆಯುತ್ತಿದ್ದೆ. ಹೇಂಟೆ ಕೊರ್ ಅಂತ ಒಂದು ಸದ್ದು ಮಾಡಿತು, ಮರಿಗಳೆಲ್ಲ ಇದ್ದಲ್ಲೇ ನೆಲಕ್ಕೆ ಅಂಟಿಕೊಂಡವು. ಅಷ್ಟರಲ್ಲಿ ಬೂದು ಬಣ್ಣದ್ದೇನೋ ಕೊಟ್ಟಿಗೆ ಸೂರಿಗಿಂತ ಕೆಳಗೆ, ನಿಂಬೆ ಗಿಡದ ಸಂದಿಯಿಂದ ನುಗ್ಗಿ ಬಂದು ಆ ಕಡೆ ಹೊರಟೇ ಹೋಯಿತು. ನಾನು ತಲೆ ಎತ್ತುವಷ್ಟರಲ್ಲಿ ಮುಗಿದಿತ್ತು. ಹೇಂಟೆ ಪುಕ್ಕ ಕೆದರಿಕೊಂಡು ನಿಂತಿತ್ತು, ಒಂದು ಮರಿ ಕಡಿಮೆ.

ಎದುರಿನ ಬೀಳು ಹೊಲದ ಮೇಲೆ ದಿನಾ ಒಂದು ಬಿಳಿ ಹಕ್ಕಿ ಬರುತ್ತದೆ. ಗಾಳಿಯಲ್ಲಿ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ನಿಂತುಬಿಡುತ್ತದೆ, ದಾರಕ್ಕೆ ಕಟ್ಟಿ ತೂಗುಹಾಕಿದ ಹಾಗೆ. ಪಕ್ಕದ ತೋಟದ ಮಾವ ಅದೇ ಕಳ್ಳ ಅನ್ನುತ್ತಾರೆ, "ಅಲ್ಲಿಂದಲೇ ನಿಮ್ಮ ಮರಿ ಲೆಕ್ಕ ಹಾಕ್ತಾ ಇರುತ್ತಮ್ಮಾ" ಅಂತ. ಸತ್ತ ಮರಿಗೆ ವಿಷ ಸವರಿ ಬೇಲಿ ಮೇಲೆ ಇಟ್ಟರೆ ಒಂದೇ ದಿನಕ್ಕೆ ಮುಗಿಯುತ್ತೆ, ನಾನೇ ಇಟ್ಟುಕೊಡ್ತೀನಿ ಅಂತಲೂ ಅಂದರು. ಅಮ್ಮನಿಗೆ ಮನಸ್ಸಿಲ್ಲ, ಗರುಡನ ಜಾತಿ, ಶಾಪ ತಟ್ಟುತ್ತೆ ಅಂತಾರೆ. ನನಗಂತೂ ಇದು ಗರುಡವೋ ಹದ್ದೋ ಗಿಡುಗವೋ ಒಂದೂ ಗೊತ್ತಾಗುವುದಿಲ್ಲ. ಏನು ಮಾಡುವುದು ಹೇಳಿ.

ಬೈನಾಕ್ಯುಲರ್‌ಬಸಣ್ಣ:

ಅಕ್ಕಾರೆ, ಕೊಟ್ಟಿಗೆ ಸೂರಿಗಿಂತ ಕೆಳಗೆ ನುಗ್ಗಿ ಬಂತು ಅಂದಿರಲ್ಲ, ಆ ಒಂದು ಮಾತೇ ಸಾಕು. ಹೊಲದ ಮೇಲೆ ನಿಲ್ಲುವ ಬಿಳಿ ಹಕ್ಕಿ ಆ ಕೆಲಸ ಮಾಡುವುದಿಲ್ಲ. ನಿಮ್ಮ ಹಿತ್ತಲಿಗೆ ಬಂದದ್ದು ಬಹುತೇಕ ಶಿಕ್ರಾ, ಬಿಜ್ಜು ಅಂತಲೂ ಕರೆಯುತ್ತಾರೆ, ಹಳ್ಳಿಯಲ್ಲಿ ಸುಮ್ನೆ ಗಿಡುಗ. ಪಾರಿವಾಳದಷ್ಟೇ ಇರುತ್ತದೆ. ಬೆನ್ನು ಬೂದು, ಎದೆ ಮೇಲೆ ಇಟ್ಟಿಗೆ ಬಣ್ಣದ ಸಣ್ಣ ಸಣ್ಣ ಅಡ್ಡಗೀರು, ಬಾಲದಲ್ಲಿ ಪಟ್ಟೆ. ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಹಳದಿ, ಗಾತ್ರದಲ್ಲಿ ಹೆಣ್ಣೇ ದೊಡ್ಡದು. ಆಕಾಶದಲ್ಲಿ ಸುತ್ತು ಹೊಡೆಯುತ್ತಾ ಕಾಯುವ ಜಾತಿ ಅಲ್ಲ ಇದು. ಎಲೆ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತದೆ, ಸಮಯ ನೋಡಿ ನೆಲಕ್ಕೆ ಸವರಿಕೊಂಡು ಬಂದು ಎತ್ತಿಕೊಂಡು ಹೋಗುತ್ತದೆ. ಓತಿಕ್ಯಾತ, ಅಳಿಲು, ಗುಬ್ಬಚ್ಚಿ ಅದರ ದಿನದ ಊಟ, ಕೋಳಿ ಮರಿ ಸಿಕ್ಕರೆ ಬಿಡುವುದಿಲ್ಲ. ಮಾರ್ಚ್‌ನಿಂದ ಜೂನ್‌ವರೆಗೆ ಅದರದೂ ಗೂಡು ಕಟ್ಟಿ ಮರಿ ಮಾಡುವ ಕಾಲ. ನಿಮ್ಮ ಮರಿ ಅಲ್ಲಿಗೆ ಹೋಗುತ್ತಿರಬಹುದು.

ಇನ್ನು ಆ ಬಿಳಿ ಹಕ್ಕಿ. ಅದು ಕಪ್ಪು ರೆಕ್ಕೆಯ ಹದ್ದು. ಒಂದು ಸಲ ಸರಿಯಾಗಿ ನೋಡಿ, ಭುಜದ ಮೇಲೆ ಮಸಿ ಬಳಿದ ಹಾಗೆ ಕಪ್ಪು, ಕಣ್ಣು ಕೆಂಡದ ಹಾಗೆ ಕೆಂಪು. ಕರೆಂಟು ತಂತಿ ಮೇಲೆ ಕೂತಾಗ ಬಾಲವನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸುತ್ತಾ ಇರುತ್ತದೆ. ಗಾಳಿಯಲ್ಲಿ ನಿಂತು ಅದು ಹುಡುಕುವುದು ಇಲಿ, ಮಿಡತೆ. ನಿಮ್ಮ ಮಾವನವರ ತೆಂಗಿನ ಸುಳಿಯಲ್ಲಿ ಎಳನೀರು ಕೊರೆಯುವ ಇಲಿ ಹೊಲದ ಬದುವಿಗೆ ಇಳಿದರೆ ಹಿಡಿಯುವುದು ಇದೇ ಹಕ್ಕಿ. ಅದಕ್ಕೆ ವಿಷ ಇಡುವುದು ಅಂದರೆ ಕಾವಲುಗಾರನನ್ನೇ ಹೊಡೆದ ಹಾಗೆ.

ಗರುಡ ಬೇರೆ, ಹದ್ದು ಬೇರೆ. ಗರುಡಕ್ಕೆ ತಲೆ ಎದೆ ಬಿಳಿ, ಮೈಯೆಲ್ಲ ಕಾಸಿದ ಇಟ್ಟಿಗೆ ಬಣ್ಣ, ಬಾಲದ ತುದಿ ದುಂಡು, ಕೆರೆ ದಂಡೆಯಲ್ಲಿ ಮೀನು ಏಡಿ ಹುಡುಕುತ್ತಾ ಇರುತ್ತದೆ. ಹದ್ದು ಪೂರ್ತಿ ಕಂದು, ಬಾಲ ಕವಲು. ಸಂತೆಯಲ್ಲಿ ಮಾಂಸದ ಅಂಗಡಿ ಮೇಲೆ ಸುತ್ತುವುದು ಅದು. ಹದ್ದೂ ಒಮ್ಮೊಮ್ಮೆ ಮರಿ ಎತ್ತುತ್ತದೆ, ಇಲ್ಲ ಅನ್ನುವುದಿಲ್ಲ, ಆದರೆ ಅದು ಬಯಲಿನಲ್ಲಿ ಮೇಲಿಂದ ಇಳಿಯುತ್ತದೆ, ನಿಂಬೆ ಗಿಡದ ಸಂದಿಯಲ್ಲಿ ನುಸುಳುವುದು ಅದರ ಕೈಲಾಗದ ಕೆಲಸ.

ಇನ್ನೊಂದು ಮಾತು. ಶಿಕ್ರಾ ಹಾಗೇ ಕಾಣುವ ಒಂದು ಕೋಗಿಲೆ ಜಾತಿ ಇದೆ. ಅದೇ ಬೂದು ಬೆನ್ನು, ಅದೇ ಪಟ್ಟೆ ಬಾಲ, ಹಾರುವುದೂ ಕೂರುವುದೂ ಅದರ ಹಾಗೇ. ಅದನ್ನು ಕಂಡರೆ ಸಣ್ಣ ಹಕ್ಕಿಗಳು ಗಿಡುಗ ಬಂತು ಅಂತ ಕಿರುಚಿಕೊಳ್ಳುತ್ತವೆ. ಅದರ ಕೆಲಸ ಹರಟೆಮಲ್ಲ ಹಕ್ಕಿಯ ಗೂಡಿನಲ್ಲಿ ಕದ್ದು ಮೊಟ್ಟೆ ಇಡುವುದು, ಅಷ್ಟೇ. ಬೇಸಿಗೆ ರಾತ್ರಿಯಲ್ಲಿ ದನಿ ಏರಿಸುತ್ತಾ ಏರಿಸುತ್ತಾ ತಲೆ ಚಿಟ್ಟುಹಿಡಿಯುವಷ್ಟು ಕೂಗುವುದು ಅದೇ. ನಮ್ಮ ಕಾಕಾ ಒಬ್ಬರು ಅದಕ್ಕೆ ಕಲ್ಲು ಬೀರಿ ಬೀರಿ ಎರಡು ಹೆಂಚು ಒಡೆದುಕೊಂಡಿದ್ದಾರೆ.

ಹಳ್ಳಿಹೈದ:

ಎಷ್ಟು ಪಾಠ ಸ್ವಾಮಿ. ಬಣ್ಣ ಯಾವುದಾದರೇನು, ಹೋದದ್ದು ಮರಿ ತಾನೆ? ನನ್ನ ಹತ್ತಿರ 40 ಕೋಳಿ ಇವೆ, ಬೇಸಿಗೆಯಲ್ಲಿ ಒಂದೊಂದು ಹೇಂಟೆಯ ಅರ್ಧ ಮರಿ ಗಿಡುಗದ ಬಾಯಿಗೇ. ಹಕ್ಕಿ ಫೋಟೊ ಹಾಕಿ ಲೈಕು ತಗೊಳ್ಳುವವರು ಯಾರಾದರೂ ಬಂದು ನಮ್ಮ ಮರಿಗೆ ದುಡ್ಡು ಕೊಡ್ತಾರಾ? ವಿಷ ಬೇಡ ಅನ್ನುವುದು ನಾನೂ ಒಪ್ಪುತ್ತೇನೆ, ನಾಯಿ ತಿಂದರೆ ಜಗಳ. ಕವಣೆ ಇದೆಯಲ್ಲ, ಎರಡು ಕಲ್ಲು ಬಿದ್ದರೆ ಅದೇ ಬುದ್ಧಿ ಕಲಿಯುತ್ತದೆ.

ದೊಡ್ಡಿಡಾಕ್ಟ್ರು:

ನಾನು ಪಶುವೈದ್ಯ, ಈಗ ನಿವೃತ್ತಿ. ಹೈದ, ನಿನ್ನ ಸಂಕಟ ನನಗೆ ಅರ್ಥ ಆಗುತ್ತದಪ್ಪ, ಕೋಳಿ ಸಾಕಿದವನಿಗೇ ಗೊತ್ತು. ಆದರೆ ಬೇಟೆ ಹಕ್ಕಿ ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಜೈಲು ಇದೆ. ಅದು ಹಾಗಿರಲಿ.

ತೋಟದಮನೆಯವರೆ, ವಿಷದ ಮಾತು ಮಾತ್ರ ಬೇಡವೇ ಬೇಡ. ಶಿಕ್ರಾ ತಾನೇ ಹಿಡಿದು ತಿನ್ನುವ ಹಕ್ಕಿ, ಬೇಲಿ ಮೇಲಿಟ್ಟ ಹೆಣಕ್ಕೆ ಅದು ಬರುವುದೇ ಅಪರೂಪ. ಬರುವುದು ಕಾಗೆ, ಮುಂಗುಸಿ, ನಿಮ್ಮದೇ ನಾಯಿ. ಇಲಿ ಪಾಷಾಣದ ವಿಷಯದಲ್ಲೂ ಇದೇ ಕಥೆ. ಬ್ರೋಮಾಡಿಯೊಲೋನ್ ಬಿಲ್ಲೆ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ಕೆಲವು ದಿನ ಮಂಕಾಗಿ ಹಗಲಲ್ಲೇ ಓಡಾಡುತ್ತದೆ, ಹಿಡಿಯುವುದು ಸುಲಭ ಅಂತ ಗೂಬೆ, ಹದ್ದು ಅದನ್ನೇ ಹಿಡಿಯುತ್ತವೆ, ವಿಷ ಅವುಗಳ ಈಲಿಗೆ ಸೇರುತ್ತದೆ. ಆಮೇಲೆ ಇಲಿ ಜಾಸ್ತಿ ಆಯಿತು ಅಂತ ನಾವೇ ಇನ್ನೊಂದು ಪೊಟ್ಟಣ ತರುತ್ತೇವೆ. ಕೊಟ್ಟಿಗೆ ಅಟ್ಟದಲ್ಲಿ ಬಿಳಿ ಮುಖದ ಗೂಬೆ ಇದ್ದರೆ ಓಡಿಸಬೇಡಿ. ಅಪಶಕುನ ಅಂತೆಲ್ಲ ಹೇಳುತ್ತಾರೆ, ಹೇಳಿಕೊಳ್ಳಲಿ. ಹಾಲಕ್ಕಿ ನುಡಿದರೆ ಶುಭ, ಗೂಬೆ ಕೂಗಿದರೆ ಸಾವು ಅನ್ನುವವರಿಗೆ ಹಾಲಕ್ಕಿಯೂ ಒಂದು ಪುಟ್ಟ ಗೂಬೆಯೇ ಅಂತ ಯಾರು ಹೇಳಬೇಕು?

ಇದನ್ನೆಲ್ಲ ಇಷ್ಟು ಉದ್ದ ಯಾಕೆ ಹೇಳುತ್ತೇನೆ ಅಂದರೆ, ಗೊತ್ತಿಲ್ಲದೆ ಮಾಡಿದ ತಪ್ಪು ನನ್ನ ಕೈಯಲ್ಲೂ ಇದೆ. 90ರ ದಶಕದಲ್ಲಿ ಕುಂಟುವ ಎತ್ತಿಗೆ, ಕೆಚ್ಚಲು ಬಾವು ಬಂದ ಹಸುವಿಗೆ ಡೈಕ್ಲೋಫೆನಾಕ್ ಅನ್ನುವ ನೋವಿನ ಮದ್ದು ಚುಚ್ಚುತ್ತಿದ್ದೆವು. ಅಗ್ಗದ ಮದ್ದು, ಮರುದಿನ ಎತ್ತು ಎದ್ದು ನಿಲ್ಲುತ್ತಿತ್ತು, ಊರಿನವರು ಕೈ ಮುಗಿಯುತ್ತಿದ್ದರು. ಆ ದನ ಏನಾದರೂ ಸತ್ತು ಊರಾಚೆ ಬಿದ್ದರೆ, ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಕೆಲವೇ ದಿನದಲ್ಲಿ ಸಾಯುತ್ತದೆ ಅಂತ ತಿಳಿದದ್ದು 2004ರ ಹೊತ್ತಿಗೆ. 2006ರಲ್ಲಿ ದನದ ಬಳಕೆಗೆ ಆ ಮದ್ದು ನಿಷೇಧ ಆಯಿತು. ಅಷ್ಟರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ರಣಹದ್ದು ದೇಶದಿಂದ ಹೋಗಿಯಾಗಿತ್ತು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ ಅದು, ಹೋದದ್ದು ತುಂಬಿಬರುವುದು ಯಾವಾಗ? ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಿದರು. ನಾನು ಹೋಗಿದ್ದ ದಿನ ಎರಡು ಗಂಟೆ ಕೂತರೂ ಬಂಡೆ ಮೇಲೆ ಬಿಳಿ ಹಿಕ್ಕೆಯ ಗೀರು ಮಾತ್ರ ಕಂಡಿತು. ನಾನು ಸಣ್ಣವನಿದ್ದಾಗ ನಮ್ಮೂರ ಹೊರಗೆ ಸತ್ತ ಎಮ್ಮೆ ಸುತ್ತ ಅವು ಮದುವೆ ಪಂಕ್ತಿಯ ಹಾಗೆ ಸಾಲಾಗಿ ಕೂತಿರುತ್ತಿದ್ದವು.

ದನಕ್ಕೆ ನೋವಿನ ಮದ್ದು ಬೇಕಾದರೆ ಮೆಲೋಕ್ಸಿಕಾಂ ಕೇಳಿ. ಅದರಿಂದ ರಣಹದ್ದಿಗೆ ತೊಂದರೆ ಇಲ್ಲ.

ಕೋಳಿಅಕ್ಕ:

ಅಯ್ಯೋ, ಕೇಳಿದ್ದು ಮರಿ ಉಳಿಸುವುದು ಹೇಗೆ ಅಂತ, ಮಾತು ರಾಮನಗರಕ್ಕೆ ಹೋಯಿತು. ನೋಡಮ್ಮ, ನಾನು ಮಾಡುವುದು ಹೇಳುತ್ತೇನೆ.

ಐದಾರು ವಾರದವರೆಗೆ ಮರಿಗಳನ್ನು ಬಯಲಿಗೆ ಬಿಡಲೇ ಬೇಡ. ಬಿದಿರಿನ ದೊಡ್ಡ ಮಂಕರಿ ಬೋರಲು ಹಾಕಿ ಒಳಗೆ ಹೇಂಟೆ, ಮರಿ ಎರಡನ್ನೂ ಬಿಡು. ಮಂಕರಿ ಮೇಲೆ ಒಂದು ಕಲ್ಲು ಹೇರು, ಇಲ್ಲದಿದ್ದರೆ ಮುಂಗುಸಿ ಎತ್ತಿಹಾಕುತ್ತದೆ. ಮಂಕರಿಯನ್ನು ದಿನಾ ಒಂದು ಮಾರು ಪಕ್ಕಕ್ಕೆ ಸರಿಸಿದರೆ ಹೊಸ ಮಣ್ಣು ಕೆದಕಲು ಸಿಗುತ್ತದೆ, ಗೆದ್ದಲು ಗೂಡಿನ ಒಂದು ಮಣ್ಣಿನ ಹೆಂಟೆ ತಂದು ಹಾಕಿದರೆ ಮರಿಗಳಿಗೆ ಹಬ್ಬ. ಆಮೇಲೆ ಬಿಡುವಾಗಲೂ ನೀನು ಹೊರಗೆ ಕೆಲಸ ಮಾಡುವ ಹೊತ್ತಿನಲ್ಲಿ ಬಿಡು. ಗುಡಿಸಿ ಸಾರಿಸಿದ ಅಂಗಳದಲ್ಲಿ ಮರಿಗೆ ಅಡಗಲು ಜಾಗ ಇರುವುದಿಲ್ಲ. ಮೂಲೆಯಲ್ಲಿ ತೆಂಗಿನ ಗರಿ ನಾಲ್ಕು ಒರಗಿಸಿಡು, ಹೇಂಟೆ ಸದ್ದು ಮಾಡಿದ ತಕ್ಷಣ ಅದರಡಿಗೆ ಓಡುತ್ತವೆ. ಬಣ್ಣದ ಟೇಪು, ಹಳೇ ಸಿಡಿ ಎಲ್ಲ ಕಟ್ಟಿ ನೋಡಿದ್ದೇನೆ, ನಾಲ್ಕು ದಿನ ಹೆದರುತ್ತವೆ, ಐದನೇ ದಿನ ಅದರ ಪಕ್ಕದಲ್ಲೇ ಬಂದು ಕೂರುತ್ತವೆ.

ಮತ್ತೆ ಅಂಗಳದ ಮರದಲ್ಲಿ ಕಾಜಾಣ ಗೂಡು ಕಟ್ಟಿದ್ದರೆ ದಯವಿಟ್ಟು ಆ ಕೊಂಬೆ ಕಡಿಯಬೇಡ. ಹಿಡಿಯಷ್ಟಿಲ್ಲದ ಕರಿ ಹಕ್ಕಿ, ಹದ್ದಿನ ಬೆನ್ನ ಮೇಲೇ ಏರಿ ಕುಕ್ಕುತ್ತದೆ. ನಮ್ಮ ಬೇವಿನ ಮರದಲ್ಲಿ ಜೋಡಿ ಇದ್ದ ವರ್ಷ ಒಂದೇ ಒಂದು ಮರಿ ಹೋಗಲಿಲ್ಲ, ನಂಬಿದರೆ ನಂಬು.

ಹೈದ, ಕವಣೆ ಕಲ್ಲು ಗಿಡುಗಕ್ಕೆ ತಾಗುವಷ್ಟು ಗುರಿ ನಿನಗಿದ್ದರೆ ಮಾವಿನಕಾಯಿ ಉದುರಿಸಲು ನಮ್ಮೂರಿಗೆ ಬಾ, ಕೂಲಿ ಕೊಡುತ್ತೇನೆ.

ಬೈನಾಕ್ಯುಲರ್‌ಬಸಣ್ಣ:

ಅಕ್ಕನ ಕಾಜಾಣದ ಮಾತು ನೂರಕ್ಕೆ ನೂರು ನಿಜ. ಆದರೆ ಆ ಕಾಜಾಣ ಮಹಾ ನಕಲಿ ಆಸಾಮಿ, ಶಿಕ್ರಾ ಕೂಗನ್ನು ಹಾಗೇ ಕೂಗುತ್ತದೆ. ಕಿವಿ ನಂಬಿ ಓಡಬೇಡಿ.

ನಮ್ಮ ರಾಣೆಬೆನ್ನೂರು ಕಡೆ ಚಳಿಗಾಲಕ್ಕೆ ಮಧ್ಯ ಏಷ್ಯಾದಿಂದ ಹ್ಯಾರಿಯರ್ ಅನ್ನುವ ಬೇಟೆ ಹಕ್ಕಿಗಳು ಬರುತ್ತವೆ, ಉದ್ದ ರೆಕ್ಕೆ, ಹೊಲದ ಮೇಲೆ ಮೊಣಕಾಲೆತ್ತರಕ್ಕೆ ತೇಲುತ್ತಾ ಮಿಡತೆ ಹಿಡಿಯುತ್ತವೆ, ರಾತ್ರಿ ಮರಕ್ಕೆ ಹೋಗದೆ ಹುಲ್ಲಿನಲ್ಲೇ ನೆಲದ ಮೇಲೆ ಮಲಗುತ್ತವೆ. ಅವನ್ನೂ ಕೋಳಿ ಕಳ್ಳ ಅಂತ ಬೈಯುವವರಿದ್ದಾರೆ. ಅಷ್ಟು ದೂರದಿಂದ ಬರುವುದು ನಮ್ಮ ಕೋಳಿಗೋಸ್ಕರ ಅಂತೆ! ಆದ್ದರಿಂದ ಅಕ್ಕಾರೆ, ಎರಡು ದಿನ ಸುಮ್ನೆ ಕೂತು ನೋಡಿ, ಯಾರು ಬರುತ್ತಾರೆ ಅಂತ.

ತೋಟದಮನೆ:

ಎಲ್ಲರಿಗೂ ಥ್ಯಾಂಕ್ಸ್. ಮೂರು ದಿನ ಬೆಳಿಗ್ಗೆ ಹೊತ್ತು ಜಗುಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದೆ. ಮಂಕರಿ ಅಟ್ಟದಿಂದ ಇಳಿಸಿದ್ದೇವೆ, ಬುಡ ಕಿತ್ತುಹೋಗಿತ್ತು, ಅಮ್ಮ ಹಗ್ಗ ನೇಯ್ದಿದ್ದಾರೆ.

ಮೊದಲನೇ ದಿನ ಕೀಕೀ ಅಂತ ಕೂಗು ಕೇಳಿ ಕೋಲು ಹಿಡಿದು ಓಡಿದೆ. ತಂತಿ ಮೇಲೆ ಕಾಜಾಣ ಕೂತಿತ್ತು, ನನ್ನನ್ನೇ ನೋಡಿ ಇನ್ನೊಂದು ಸಲ ಕೂಗಿತು. ಎರಡನೇ ದಿನ ನಿಜವಾದದ್ದೇ ಬಂತು. ಹೊಂಗೆ ಮರದಲ್ಲಿ ಕಾಲು ಗಂಟೆ ಕೂತಿತ್ತು, ಬಸಣ್ಣ ಹೇಳಿದ ಹಾಗೆ ಎದೆ ಮೇಲೆ ಸಣ್ಣ ಗೀರು, ಹಳದಿ ಕಣ್ಣು, ಹೆಣ್ಣೇ ಇರಬೇಕು. ಅದು ಇಳಿದು ಬಂದು ಹಿಡಿದದ್ದು ಬೇಲಿ ಮೇಲಿದ್ದ ಓತಿಕ್ಯಾತ. ಮರಿಗಳು ಮಂಕರಿಯೊಳಗಿದ್ದವು, ಆ ಕಡೆ ತಿರುಗಿಯೂ ನೋಡಲಿಲ್ಲ.

ಮೂರನೇ ದಿನ ಅಮ್ಮ ನುಚ್ಚು ಹಾಕಲು ಮಂಕರಿ ಎತ್ತಿದ್ದರು. ನಾನು ಹೊಂಗೆ ಮರವನ್ನೇ ನೋಡುತ್ತಿದ್ದೆ. ಕೊಟ್ಟಿಗೆ ಹಿಂದಿನಿಂದ ಒಂದು ದಪ್ಪ ಕರಿ ಕಾಗೆ ಕುಪ್ಪಳಿಸಿಕೊಂಡು, ನಡೆದುಕೊಂಡೇ ಬಂದು ಒಂದು ಮರಿಯ ಕತ್ತು ಹಿಡಿದು ಎದ್ದುಹೋಯಿತು. ನನ್ನ ಕಣ್ಣೆದುರಿಗೇ. ಈಗ 5 ಇವೆ. ಗಿಡುಗ ಒಂದು ಒಯ್ದದ್ದು ನಾನೇ ನೋಡಿದ್ದೇನೆ, ಉಳಿದ ನಾಲ್ಕರಲ್ಲಿ ಕಾಗೆಯ ಪಾಲು ಎಷ್ಟೋ.

ಪಕ್ಕದ ಮಾವನಿಗೆ ಹೇಳಿದೆ. ಹಾಗಾದರೆ ಕಾಗೆಗೆ ವಿಷ ಇಡ್ತೀರಾ ಮಾವ ಅಂತ ಕೇಳಿದ್ದಕ್ಕೆ ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಛೆ ಛೆ, ಬಿಡ್ತು ಅನ್ನಮ್ಮ. ನಾಳೆ ನಮ್ಮಪ್ಪನ ತಿಥಿಗೆ ಎಡೆ ಮುಟ್ಟೋಕೆ ಅದೇ ಬರಬೇಕಲ್ಲ."