ರಾಯರ ಚಮಚ

“ಇದು ಚಮಚ” ಎಂದು ರಾಯರೇ ಹೇಳಬೇಕಾಯಿತು. ಏಕೆಂದರೆ ಮಾಟುಂಗಾದ ಹೋಟೆಲಿನ ಗಲ್ಲಾ ಪಕ್ಕದ ಮೇಜಿನ ಸುತ್ತ ಕುಳಿತಿದ್ದವರಲ್ಲಿ ಶೆಟ್ಟರು ಅದನ್ನು ಬೂಟು ತೊಡುವ ಪಟ್ಟಿಯೆಂದೂ, ಕುಲಕರ್ಣಿಯವರು ಬೆನ್ನು ಕೆರೆಯುವ ಕೋಲೆಂದೂ ಆಗಲೇ ತೀರ್ಮಾನಿಸಿದ್ದರು.

“ಕೊಕ್ಕೆಯಂತೆ ಬಾಗಿದ ಈ ಚಾಕು ಸ್ವೀಡನ್ನಿನ ಮೋರಾದ್ದು. ಹಸಿ ಮರವನ್ನೇ ಕೆತ್ತಬೇಕು, ಒಣಗಿದ ಮೇಲೆ ಅದು ಚಾಕುವಿಗೆ ಬಗ್ಗುವುದಿಲ್ಲ. ಕೊಂಬೆಯ ನಡುವಿನ ತಿರುಳು ಉಳಿದರೆ ಒಣಗುವಾಗ ಬಿರುಕು ಬಿಡುತ್ತದೆ, ಆದ್ದರಿಂದ ಕೊಂಬೆಯನ್ನು ಸೀಳಿ ಅದನ್ನು ತೆಗೆದುಬಿಡಬೇಕು. ಚಮಚದ ಗುಳಿಯನ್ನು ಮಾತ್ರ ಮರದ ಎಳೆಗೆ ಅಡ್ಡಲಾಗಿಯೇ ತೋಡಬೇಕು” ಎಂದರು ರಾಯರು.

“ಮುಂಬಯಿಯಲ್ಲಿ ಹಸಿ ಮರ ಎಲ್ಲಿ ಸಿಕ್ಕಿತು? ಅನುಮತಿಯಿಲ್ಲದೆ ನಗರದ ಮರ ಕಡಿಯುವುದನ್ನು ಮಹಾರಾಷ್ಟ್ರದ 1975ರ ಕಾಯ್ದೆ ನಿಷೇಧಿಸಿದೆ” ಎಂದು ಕುಲಕರ್ಣಿಯವರು ಗಂಭೀರರಾದರು.

“ನಾನು ಕಡಿದದ್ದಲ್ಲ, ಮಳೆಗೆ ಬಿದ್ದ ಮಾವಿನ ಕೊಂಬೆ ಇದು.”

“ಹೆದರಬೇಡಿ ರಾಯರೇ. ಆ ಕೊಂಬೆ ಚಮಚವಾಗಿದೆಯೆಂದು ಯಾವ ನ್ಯಾಯಾಲಯದಲ್ಲಿಯೂ ಸಾಬೀತು ಮಾಡಲಾಗದು” ಎಂದು ಭಟ್ಟರು ಅಭಯ ನೀಡಿದರು.

ಭುಲೇಶ್ವರದಲ್ಲಿ ಸ್ಟೀಲಿನ ಚಮಚಗಳು ಡಜನ್ ಲೆಕ್ಕದಲ್ಲಿ ಸಿಗುತ್ತವೆ, ಮರದ್ದೇ ಬೇಕೆಂದರೆ ಸಾವಂತವಾಡಿಯ ಚಿತಾರಿಗಳು ಬಣ್ಣ ಹಚ್ಚಿದ ಹಣ್ಣು, ತರಕಾರಿಗಳನ್ನೇ ಮಾಡಿಕೊಡುತ್ತಾರೆ ಎಂದು ಶೆಟ್ಟರು ವ್ಯಾಪಾರದ ದಾರಿ ತೋರಿಸಿದರು. ಕೈಯಿಂದಲೇ ಮಾಡಿದ ವಸ್ತುವಿನಲ್ಲಿ ಉಣ್ಣುವ ಸುಖವೇ ಬೇರೆ ಎಂದು ರಾಯರು ವಾದಿಸುತ್ತಿದ್ದಂತೆ ಇಡ್ಲಿ ಬಂತು, ಅವರ ಬಲಗೈ ಹೆಬ್ಬೆರಳಿಗೆ ಸುತ್ತಿದ ಪಟ್ಟಿಯೂ ಎಲ್ಲರ ಕಣ್ಣಿಗೆ ಬಿತ್ತು. ಚಾಕುವನ್ನು ಅದೇ ಕೈಯ ಹೆಬ್ಬೆರಳಿನತ್ತ ಎಳೆದು ಕೆತ್ತುವ ಹಿಡಿತವೊಂದಿದೆಯಂತೆ, ಚಾಕು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲವಂತೆ.

“ಈಗ ಅರ್ಥವಾಯಿತು. ಇಷ್ಟು ವರ್ಷ ರಾಯರು ಐದು ಬೆರಳುಗಳಿಂದ ಉಣ್ಣುತ್ತಿದ್ದುದರಿಂದ ಅವರಿಗೆ ಚಮಚವೇ ಬೇಕಿರಲಿಲ್ಲ. ಚಮಚ ಕೆತ್ತಿದ್ದರಿಂದ ಬೆರಳಿಗೆ ಪಟ್ಟಿ ಬಂತು, ಪಟ್ಟಿ ಬಂದದ್ದರಿಂದ ಚಮಚ ಬೇಕಾಯಿತು. ಗಿರಾಕಿಯನ್ನೂ ತಾನೇ ತಯಾರಿಸಿಕೊಳ್ಳುವ ಇಂಥ ಉದ್ಯಮವನ್ನು ದಲಾಲ್ ಸ್ಟ್ರೀಟಿನವರೂ ಕಂಡಿರಲಾರರು” ಎಂದರು ಭಟ್ಟರು.

“ಹಾಗಾದರೆ ಅದರಲ್ಲಿಯೇ ತಿನ್ನಿ” ಎಂದು ಕುಲಕರ್ಣಿಯವರು ಆಗ್ರಹಿಸಿದರು.

“ಇವತ್ತು ಆಗುವುದಿಲ್ಲ. ಶೇಂಗಾ ಎಣ್ಣೆ ಹಚ್ಚಿದರೆ ಕಮಟು ವಾಸನೆ ಬರುತ್ತದೆಂದು ಅಗಸೆ ಎಣ್ಣೆ ಹಚ್ಚಿದ್ದೇನೆ. ಅದು ಗಾಳಿಗೆ ಗಟ್ಟಿಯಾಗಲು ದಿನಗಳು ಬೇಕು” ಎನ್ನುತ್ತ ರಾಯರು ಹೋಟೆಲಿನ ಸ್ಟೀಲ್ ಚಮಚವನ್ನು ಎಡಗೈಗೆ ತೆಗೆದುಕೊಂಡರು.

ಎಲ್ಲರೂ ನಕ್ಕರೂ ಶೆಟ್ಟರೊಬ್ಬರೇ ನಗದೆ ಉಳಿದರು. “ಕುಂದಾಪುರದ ಮನೆಯಲ್ಲಿ ನಮ್ಮ ಅಪ್ಪಯ್ಯ ಕರಟವನ್ನು ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿ, ಎದುರು ಬದುರು ಎರಡು ತೂತು ಕೊರೆದು, ಬಿದಿರಿನ ಹಿಡಿ ತೂರಿಸಿ ಸೌಟು ಮಾಡುತ್ತಿದ್ದರು. ಗಂಜಿ ಬಡಿಸಲು ಅದೇ. ಮುರಿದರೆ ಸಂಜೆಯೊಳಗೆ ಇನ್ನೊಂದು ಆಗುತ್ತಿತ್ತು. ನಾನು ಕಲಿಯಲಿಲ್ಲ, ಬಸ್ಸು ಹತ್ತಿ ಇಲ್ಲಿಗೆ ಬಂದೆ. ಈಗ ಈ ಹೋಟೆಲಿನಿಂದ ಕರಟ ಗೋಣಿಗಟ್ಟಲೆ ಕಸಕ್ಕೆ ಹೋಗುತ್ತದೆ.”

ಭಟ್ಟರು ಕಾಫಿಯ ಲೋಟವನ್ನು ಸುಮ್ಮನೆ ತಿರುಗಿಸಿದರು. “ಹವ್ಯಾಸವೆಂದು ಕರೆಯಲು ನಿಮ್ಮ ಅಪ್ಪಯ್ಯನಿಗೆ ಪುರುಸೊತ್ತಿರಲಿಲ್ಲ ಶೆಟ್ಟರೇ. ನಾಳೆಯ ಗೋಣಿಯಿಂದ ನನಗೂ ಒಂದು ಕರಟ ತೆಗೆದಿಡಿ, ನೋಡೋಣ.”

“ತೆಗೆದಿಡಿ, ಆದರೆ ಗಾಜಿನ ಚೂರು ಬೇಡ” ಎಂದು ರಾಯರು ಉತ್ಸಾಹದಿಂದ ಮೊಬೈಲನ್ನು ಹೊರತೆಗೆದರು. “ಕರಟಕ್ಕೆಂದೇ ಬೇರೆ ಚಾಕು ಬರುತ್ತದೆ.”